ನರ್ಸಮ್ಮನ ಗಂಡ ಆಡಿದ ಮಾತು

ಲಷ್ಕರ್ ಮೊಹಲ್ಲಾದಲ್ಲಿ ಡೊರೊತಿಯನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಅವಳ ಅತ್ತೆ ಮತ್ತು ಗಂಡ, ಇಬ್ಬರೇ. ಮಿಕ್ಕವರಿಗೆಲ್ಲ ಅವಳು ನರ್ಸಮ್ಮ. ಕನ್ಯಾಸ್ತ್ರೀಯರ ಹತ್ತಿರ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿತು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದವಳು. ಎಂಥ ಕೊಳೆತ ಹುಣ್ಣನ್ನು ತೊಳೆಯುವಾಗಲೂ ಮುಖ ಸಿಂಡರಿಸುತ್ತಿರಲಿಲ್ಲ. ಹಳ್ಳಿಯ ಹೆಂಗಸರು ಬಾಗಿಲಲ್ಲೇ ನಿಂತು ‘ಆ ನರ್ಸಮ್ಮನೇ ಬರ್ಲಿ’ ಎಂದು ಹಟ ಹಿಡಿಯುವುದಿತ್ತು.

ಅವಳ ಗಂಡ ಜ್ಞಾನಪ್ರಕಾಶ. ಅವನ ತಂದೆ ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಮಗನೂ ಊದಲಿ ಎಂದು ಬಯಸಿದ್ದರು. ಮಗ ಬೆಂಗಳೂರಿಗೆ ಹೋಗಿ ರಸಾಯನಶಾಸ್ತ್ರ ಓದಿಕೊಂಡು ಬಂದ. ಆ ಬೀದಿಯಿಂದ ಅಂಥ ಓದು ಓದಿದವನು ಅವನೇ ಮೊದಲು. ಸರ್ಕಾರದ ಪರೀಕ್ಷಾಲಯವೊಂದರಲ್ಲಿ ಎಣ್ಣೆ, ಬಣ್ಣಗಳನ್ನು ಪರೀಕ್ಷಿಸುವ ಕೆಲಸ ಸಿಕ್ಕಿತು. ಒಳ್ಳೆ ಮಾತುಗಾರ. ಸಂಜೆ ಜಗಲಿಯ ಮೇಲೆ ಕೂತರೆ ಸುಣ್ಣ ಯಾಕೆ ಕುದಿಯುತ್ತದೆ, ಹಾಲು ಯಾಕೆ ಒಡೆಯುತ್ತದೆ ಎಂದು ಬೀದಿಯವರಿಗೆಲ್ಲ ಹೇಳುತ್ತಿದ್ದ. ಅವನ ತಾಯಿ ಜಯಮೇರಿ ಒಳಗಿನಿಂದಲೇ, “ಬಾಯಿ ನೋಯಲ್ವೇನೋ ನಿಂಗೆ?” ಎನ್ನುತ್ತಿದ್ದಳು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಯೂರೋಪಿನ ಯುದ್ಧ ಶುರುವಾಗಿ ಮೂರನೆಯ ವರ್ಷ ಅವನಿಗೆ ಬೇರೆ ಕಡೆ ವರ್ಗವಾಯಿತು. ನಂಜನಗೂಡಿನ ದಾರಿಯಲ್ಲಿ, ಮಂಡಕಳ್ಳಿಯಾಚೆಯ ಬಯಲಿನಲ್ಲಿ ತಗಡಿನ ಶೆಡ್ಡುಗಳನ್ನು ಎಬ್ಬಿಸಿ ಸುತ್ತ ತಂತಿ ಬೇಲಿ ಹಾಕಿದ್ದರು. ಸೈನ್ಯಕ್ಕೆ ಸಂಬಂಧಪಟ್ಟ ಕೆಲಸ, ಮೇಲೊಬ್ಬ ದೊರೆ, ಕೆಳಗೆ ನಾಲ್ಕಾರು ಜನ ಎನ್ನುವಷ್ಟು ಮಾತ್ರ ಡೊರೊತಿಗೆ ಗೊತ್ತಾಯಿತು. ಮೊದಲ ದಿನ ಮನೆಗೆ ಬಂದವನು, “ಅಲ್ಲೀದು ಏನೂ ಕೇಳ್ಬೇಡ. ಬೈಬಲ್ ಮುಟ್ಟಿ ಆಣೆ ಮಾಡಿ ಬಂದಿದೀನಿ” ಎಂದ. ಅವಳು ಕೇಳಲಿಲ್ಲ. ಅವನು ಹಿತ್ತಲಲ್ಲೇ ಬಟ್ಟೆ ಬಿಚ್ಚಿ ಬೇರೆ ಹಗ್ಗಕ್ಕೆ ಹಾಕುತ್ತಿದ್ದ. ಚೆಲ್ಲಿದರೆ ಕಣ್ಣು ಉರಿಯುವಂಥ ಒಂದು ಬಿಳಿ ಪುಡಿಯಲ್ಲಿ ಕೈ ತಿಕ್ಕಿ ತೊಳೆಯುತ್ತಿದ್ದ. ಕೆಮ್ಮು ಅಂಟಿಕೊಂಡಿತು. ಜಗಲಿಯ ಮೇಲೆ ಕೂರುವುದು ನಿಂತಿತು. ಬೀದಿಯವರು ಮಾತಾಡಿಸಿದರೆ ಹೂಂ ಎಂದು ಒಳಗೆ ಬರುತ್ತಿದ್ದ. ದೊಡ್ಡ ಕೆಲಸ ಸಿಕ್ಕಿ ಗರ್ವ ಬಂತು ಎಂದರು ಕೆಲವರು.

ಮುಂಗಾರು ಹಿಡಿದ ಮೇಲೆ ಒಂದು ದಿನ ಆಸ್ಪತ್ರೆಗೆ ಮಂಡಕಳ್ಳಿಯಿಂದ ಒಂದು ಹೆಣ್ಣುಮಗು ಬಂತು. ಪುಟ್ಟತಾಯಮ್ಮ ಎಂದು ಹೆಸರು, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಮೊಣಕಾಲಿನಿಂದ ಪಾದದವರೆಗೆ ಎರಡು ಕಾಲೂ ಬೊಕ್ಕೆ ಎದ್ದು, ನೀರು ತುಂಬಿಕೊಂಡು ಹಲಸಿನ ತೊಳೆಯ ಹಾಗೆ ಹಳದಿಯಾಗಿದ್ದವು. ಡಾಕ್ಟರು ನೋಡಿ, ಬಿಸಿನೀರು ಬಿದ್ದಿದೆ ಎಂದರು. ತಾಯಿ ಬೆಟ್ಟಮ್ಮ ತಲೆಯಾಡಿಸಿದಳು.

“ಬಿಸಿನೀರಲ್ಲ ಕಣವ್ವ. ತಣ್ಣೀರು. ಎಮ್ಮೆ ಮೈ ತೊಳೆಯಾಕೆ ಕಟ್ಟೆಗೆ ಇಳಿದಿತ್ತು. ಬೆಳಗಾಗ್ಗಂಟ ಏನೂ ಇರ್ನಿಲ್ಲ, ಆಮ್ಯಾಕೆ ಇಂಗಾಗದೆ. ಎಮ್ಮೆಗೂ ಅಂಗೇ ಆಗದೆ. ಮಾರಮ್ಮ ಮುನಿಸ್ಕಂಡವಳೆ ಅಂತವ್ರೆ ಊರೋರು.”

ಡೊರೊತಿ ಆ ಕಾಲುಗಳಿಗೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದಳು. ಮಗು ಅಳಲಿಲ್ಲ; ಅತ್ತು ಅತ್ತು ದಣಿದಿತ್ತು. ಸಂಜೆ ಊಟಕ್ಕೆ ಕೂತಾಗ, ಏನಾದರೂ ಮಾತಿರಲಿ ಎಂದು, ಅವಳು ಅದನ್ನು ಗಂಡನಿಗೆ ಹೇಳಿದಳು. ಮಂಡಕಳ್ಳಿಯ ಮಗು, ತಣ್ಣೀರಿಗೆ ಇಳಿದರೆ ಸುಟ್ಟ ಬೊಕ್ಕೆ ಎದ್ದಿದೆಯಂತೆ, ಇಂಥದ್ದು ನಾನು ಕಂಡೇ ಇರಲಿಲ್ಲ ಎಂದಳು. ಜ್ಞಾನಪ್ರಕಾಶ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಅವಳ ಮುಖ ನೋಡಿದ.

“ಯಾವ ಕಟ್ಟೆ?”

“ಊರ ಹತ್ತಿರದ್ದು. ಎಮ್ಮೆ ತೊಳೆಯೋ ಕಟ್ಟೆ.”

ಅವನು ಎದ್ದು ಕೈ ತೊಳೆದ. ಅದಾದ ಮೇಲೆ ಶೆಡ್ಡಿಗೆ ಹೊರಡುವಾಗಲೂ ಅಲ್ಲಿಂದ ಬರುವಾಗಲೂ ಅವನ ಮುಖ ನೋಡುವ ಹಾಗಿರಲಿಲ್ಲ. ಅಲ್ಲಿ ದೊರೆಯೊಡನೆ ಏನೋ ಮಾತು ಬೆಳೆದಿತ್ತೆಂದು ಅವಳಿಗೆ ಆಮೇಲೆ ತಿಳಿಯಿತು. ಭಾನುವಾರ ಅತ್ತೆ, ಸೊಸೆ ಪೂಜೆಗೆ ಹೊರಟರೆ ಅವನು ಬರಲಿಲ್ಲ. ಅವರು ಚರ್ಚಿನಿಂದ ಬರುವಷ್ಟರಲ್ಲಿ ಮನೆಗೆ ಬೀಗ. ಬಿಸಿಲು ಇಳಿಯುವ ಹೊತ್ತಿಗೆ ಬಂದ. ಚಪ್ಪಲಿಗೆ ಕೆಮ್ಮಣ್ಣು ಮೆತ್ತಿತ್ತು. ಎಲ್ಲಿಗೆ ಹೋಗಿದ್ದಿರಿ ಎಂದು ಡೊರೊತಿ ಕೇಳಲಿಲ್ಲ. ಕೇಳದಿರುವುದು ಆಗಲೇ ಅಭ್ಯಾಸವಾಗಿತ್ತು. ಅಂದು ಅವನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ಜಯಮೇರಿ ಅದನ್ನು ಬಹಳ ದಿನ ಹೇಳುತ್ತಿದ್ದಳು.

ದಸರಾ ಮುಗಿದು ಚಳಿ ಬಿದ್ದ ಮೇಲೆ, ಒಂದು ಬೆಳಿಗ್ಗೆ ಪೊಲೀಸರು ಬಂದರು. ಇನ್‌ಸ್ಪೆಕ್ಟರು ಮರ್ಯಾದಸ್ಥ. ಜ್ಞಾನಪ್ರಕಾಶ ಕಾಫಿ ಕುಡಿದು ಮುಗಿಸುವ ತನಕ ಜಗಲಿಯಲ್ಲಿ ಕಾದು ನಿಂತ. ಆಮೇಲೆ ಅವನನ್ನು ಜಟಕಾ ಹತ್ತಿಸಿ, ಒಳಗೆ ಬಂದು ಡೊರೊತಿಯನ್ನು ಕೇಳಿದ.

“ನಿಮ್ಮ ಯಜಮಾನರು ಶೆಡ್ಡಿನ ವಿಷಯ ನಿಮಗೆ ಏನು ಹೇಳಿದ್ರು?”

“ಏನೂ ಹೇಳಿಲ್ಲ.”

“ಹೊರಗಿನೋರಿಗೆ ಹೇಳಿದೋರು ಹೆಂಡ್ತೀಗೆ ಹೇಳಿರಲ್ವಾ?”

“ಹೇಳಿಲ್ಲ ಸ್ವಾಮಿ. ಏನು ಹೇಳಿದ್ರಂತೆ ಅವರು?”

“ಅದನ್ನ ನಾನು ಹೇಳೋ ಹಾಗಿಲ್ಲ ಕಣಮ್ಮ. ನಂಗೂ ಪೂರ್ತಿ ತಿಳಿಸಿಲ್ಲ” ಎಂದು ಇನ್‌ಸ್ಪೆಕ್ಟರು ಪೇಟ ಸರಿಮಾಡಿಕೊಂಡ.

ಮನೆಯೆಲ್ಲ ಜಾಲಾಡಿದರು. ಏನೂ ಸಿಗಲಿಲ್ಲ, ಬಾಯಲ್ಲಿ ಆಡಿದ ಮಾತು ಪೆಟ್ಟಿಗೆಯಲ್ಲಿ ಸಿಗುತ್ತದೆಯೇ. ಬಿಳಿ ಪುಡಿಯ ಡಬ್ಬಿಯನ್ನು ಮಾತ್ರ ತೆಗೆದುಕೊಂಡು ಹೋದರು. ಅಂದು ಡೊರೊತಿ ಎಂದಿನ ಹೊತ್ತಿಗೇ ಆಸ್ಪತ್ರೆಗೆ ಹೋದಳು, ಪಟ್ಟಿಗಳನ್ನು ಕುದಿಸಿದಳು, ಒಣಹಾಕಿದಳು. ಅಳು ಬರಬೇಕಿತ್ತು, ಬರಲಿಲ್ಲ. ಯಾರದೋ ಮನೆಯ ಸುದ್ದಿಯನ್ನು ತನ್ನ ಕಿವಿಗೆ ಹಾಕಿದ ಹಾಗಿತ್ತು. ವಾರ ಕಳೆಯುವುದರೊಳಗೆ ಆಸ್ಪತ್ರೆಯವರು, ಸ್ವಲ್ಪ ದಿನ ಬರುವುದು ಬೇಡ ಎಂದರು. ಸರಿ ಎಂದು ಮನೆಗೆ ಬಂದಳು.

ಚರ್ಚಿನ ಗುರುಗಳು ಒಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟರು. ಶಿವಮಲ್ಲಪ್ಪ ಎಂದು, ವಯಸ್ಸಾದವರು, ಮಾತು ನಿಧಾನ. ಅವರು ಡೊರೊತಿಯನ್ನೂ ಜಯಮೇರಿಯನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು.

“ನೋಡಮ್ಮ, ಯುದ್ಧಕಾಲದ ಕಾಯಿದೆ ಇದು. ಸರ್ಕಾರದ ಗುಟ್ಟನ್ನ ಹೊರಗೆ ಬಿಟ್ಟರು ಅಂತ ಆರೋಪ. ಮಂಡಕಳ್ಳಿಯ ಕೆಂಪಯ್ಯ ಅನ್ನೋ ಒಕ್ಕಲಿಗ ಸಾಕ್ಷಿ. ಅವನ ಮನೆಗೆ ಹೋಗಿ ಇವರು ಏನೋ ಹೇಳಿದಾರೆ. ಏನು ಅಂತ ನನಗೆ ಗೊತ್ತು, ನಿಮಗೆ ಹೇಳಿದ್ರೆ ನಾನೂ ಒಳಗೆ ಹೋಗ್ತೀನಿ.”

“ನಿಜ ಹೇಳಿದ್ರೋ ಸುಳ್ಳು ಹೇಳಿದ್ರೋ?” ಎಂದಳು ಜಯಮೇರಿ.

“ನಿಜ ಹೇಳಿದ್ದೇ ಕಷ್ಟ ಆಗಿರೋದು ತಾಯಿ. ಸುಳ್ಳಾಗಿದ್ರೆ ಯಾವ ಗುಟ್ಟೂ ಹೊರಬಿದ್ದ ಹಾಗಾಗಲ್ಲ. ಅದಕ್ಕೇ ಒಂದು ದಾರಿ ಇದೆ. ‘ನನಗೇನೂ ಗೊತ್ತಿರಲಿಲ್ಲ, ಜನರ ಎದುರು ದೊಡ್ಡಸ್ತಿಕೆಗೆ ಬಾಯಿಗೆ ಬಂದದ್ದು ಹೇಳಿದೆ, ಅದು ಸುಳ್ಳು’ ಅಂತ ಅವರು ಒಂದು ಮಾತು ಹೇಳ್ಲಿ. ಆ ಮಾತನ್ನ ಮಂಡಕಳ್ಳಿಯಲ್ಲಿ ಡಂಗುರ ಹೊಡೆಸ್ತಾರೆ, ಇವರನ್ನ ಎಚ್ಚರಿಕೆ ಕೊಟ್ಟು ಬಿಡ್ತಾರೆ. ಮೇಲಿನೋರೇ ನನಗೆ ಸೂಚನೆ ಕೊಟ್ಟಿದಾರೆ. ಅವರು ಒಪ್ತಾ ಇಲ್ಲ. ನೀವು ಹೇಳಿ ನೋಡಿ.”

ಡೊರೊತಿ ಲಾಕಪ್ಪಿಗೆ ಹೋದಳು. ಸರಳಿನ ಆಚೆ ಜ್ಞಾನಪ್ರಕಾಶ, ಈಚೆ ಅವಳು, ಪಕ್ಕದಲ್ಲಿ ಕಾವಲಿನವನು. ಗಂಡನ ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಅವಳು ಅತ್ತೆಯ ಆರೋಗ್ಯ ಹೇಳಿದಳು, ಆಸ್ಪತ್ರೆಯ ಕೆಲಸ ಹೋದದ್ದು ಹೇಳಿದಳು. ಆಮೇಲೆ, “ಸುಳ್ಳು ಅಂತ ಹೇಳ್ಬಿಡಿ” ಎಂದಳು.

“ಆಗಲ್ಲ ಡೊರೊತಿ.”

“ಒಂದು ಮಾತು ರೀ. ಅಷ್ಟಕ್ಕೆ ಮನೆಗೆ ಬರಬೋದಂತೆ.”

“ನಾನು ಹಾಗೆ ಹೇಳಿದ್ರೆ ಅವರು ಮತ್ತೆ...” ಎಂದು ಅವನು ಶುರುಮಾಡಿದ. ಕಾವಲಿನವನು ಕೆಮ್ಮಿ ಹತ್ತಿರ ಬಂದ. ಜ್ಞಾನಪ್ರಕಾಶ ತುಟಿ ಕಚ್ಚಿಕೊಂಡ. ಹೆಂಡತಿಯ ಮುಖವನ್ನೇ ನೋಡುತ್ತ ಅಡ್ಡಡ್ಡ ತಲೆಯಾಡಿಸಿದ. ಅವಳು ತಂದಿದ್ದ ಬುತ್ತಿಯನ್ನು ಕಾವಲಿನವನ ಕೈಗೆ ಕೊಟ್ಟು ಹೊರಗೆ ಬಂದಳು. ಯಾರು ಆ ‘ಅವರು’, ಮತ್ತೆ ಏನು ಮಾಡಿಯಾರು ಎಂದು ದಾರಿಯಲ್ಲಿ ಯೋಚಿಸಲು ನೋಡಿದಳು. ಯೋಚನೆ ಮುಂದಕ್ಕೆ ಹೋಗಲಿಲ್ಲ.

ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಡೊರೊತಿ ಕೋರ್ಟಿನ ಅಂಗಳದ ಹೊಂಗೆಯ ಮರದ ಕೆಳಗೆ ಕೂತಿರುತ್ತಿದ್ದಳು. ಒಳಗಿನಿಂದ ಜವಾನ ಹೊರಗೆ ಬಂದು ಹೆಸರು ಕೂಗುವುದಷ್ಟೇ ಕೇಳಿಸುತ್ತಿತ್ತು. ಕೆಂಪಯ್ಯನ ಹೆಸರು ಕೂಗಿದಾಗ ಕಂಬಳಿ ಹೊದ್ದ ಎತ್ತರದ ಮನುಷ್ಯನೊಬ್ಬ ಎದ್ದು ಹೋದ. ಹೊರಗೆ ಬಂದವನು ಅವಳ ಎದುರೇ ಹಾದು ಗೇಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕಂಬಳಿಯಿಂದ ಮುಖ ಮುಚ್ಚಿಕೊಂಡ. ಅವಳಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಎರಡು ವರ್ಷ ಸಜೆಯಾಯಿತು. ಶಿವಮಲ್ಲಪ್ಪನವರು ಬಂದು ಹೇಳಿದಾಗ ಅವಳು, “ಹಾಸಿಗೆ ಕೊಡ್ತಾರಾ?” ಎಂದು ಕೇಳಿದಳು.

ಬೀದಿಯ ಜನ ಬೇರೆ ಬೇರೆ ಥರ ಮಾತಾಡಿದರು. ಜರ್ಮನರಿಗೆ ಸುದ್ದಿ ಮಾರಿದನಂತೆ ಎಂದರು ಕೆಲವರು. ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಜಾಗ ಖಾಲಿ ಉಳಿಯತೊಡಗಿತು. ಜಯಮೇರಿ ಜಪಸರ ಹಿಡಿದು ಗೋಡೆಗೆ ಒರಗಿ ಕೂತವಳು, “ಕ್ಲಾರಿನೆಟ್ ಊದ್ಕೊಂಡಿದ್ರೆ ಬಾಯಿ ಅದರಲ್ಲೇ ಇರ್ತಿತ್ತು” ಎನ್ನುವಳು. ಡೊರೊತಿ ಹೆರಿಗೆ ಮಾಡಿಸುವುದಕ್ಕೆ ಮನೆಮನೆಗೆ ಹೋಗತೊಡಗಿದಳು. ಮೊದಲು ಕರೆದವರು ಕಮ್ಮಿ. ಆದರೆ ಹೆರುವ ನೋವು ಬಂದವಳಿಗೆ ನರ್ಸಮ್ಮನ ಗಂಡ ಎಲ್ಲಿದ್ದರೇನು.

ಬೇಸಗೆಯ ಒಂದು ಮಧ್ಯಾಹ್ನ ಕೆಂಪಯ್ಯ ಅವಳ ಮನೆ ಹುಡುಕಿಕೊಂಡು ಬಂದ. ಜೊತೆಗೆ ಅವನ ಹೆಂಡತಿ ಬೆಟ್ಟಮ್ಮ, ಅವಳ ಸೆರಗು ಹಿಡಿದ ಮಗು. ಒಂದು ಚೀಲ ರಾಗಿ, ಕುಂಬಳಕಾಯಿ ಹೊತ್ತು ತಂದಿದ್ದರು. ಕೆಂಪಯ್ಯ ಒಳಗೆ ಬರದೆ ಹೊಸ್ತಿಲಾಚೆ ನಿಂತ.

“ತಪ್ಪಾಗೋಯ್ತು ಅಮ್ಮಾವ್ರೆ. ಬೇಲಿ ಒಳಗಿನ ಗುಂಡಿ ಮುಚ್ಚಿಸ್ಕೊಡಿ ಅಂತ ಅಮಲ್ದಾರ್ರ ತಾವ ಕೇಳಾಕೋಗಿದ್ದೆ. ನಿಂಗೆ ಯಾರು ಏಳಿದ್ರು ಅಂದ್ರು. ಒಳ್ಳೇದು ಮಾಡಿದೋರ ಎಸರು ಏಳ್ದೆ ಇರಾಕಾಯ್ತದಾ ಅಂದ್ಕಂಡು ಏಳ್ಬುಟ್ಟೆ. ಅವ್ರನ್ನ ಇಡೀತಾರೆ ಅಂತ ನಂಗೊತ್ತಿರ್ನಿಲ್ಲ. ನಿಮ್ಮೆಜಮಾನ್ರು ಅವತ್ತು ಬಂದು ಏಳಿದ್ದು ಏನಪ್ಪಾ ಅಂದ್ರೆ...”

“ಹೇಳ್ಬೇಡಿ” ಎಂದಳು ಡೊರೊತಿ.

ಕೆಂಪಯ್ಯ ಬಾಯಿ ಮುಚ್ಚಿದ.

“ನಾನು ಕೇಳಿದ್ರೆ ಅವರಿಗೆ ಇನ್ನಷ್ಟು ಆಗತ್ತೆ. ಹೇಳಿದ್ದಕ್ಕೆ ನಿಮಗೂ ಆಗತ್ತೆ. ಬೇಡ.”

ಬೀದಿಯಲ್ಲಿ ಎಣ್ಣೆ ಮಾರುವವನು ಕೂಗಿಕೊಂಡು ಹೋದ. ಆಗ ಬೆಟ್ಟಮ್ಮ ಮಗುವನ್ನು ಮುಂದಕ್ಕೆ ಎಳೆದು, ಅದರ ಲಂಗವನ್ನು ಮೊಣಕಾಲಿನ ತನಕ ಎತ್ತಿ ಹಿಡಿದಳು.

ಚರ್ಮ ಮೂಡಿತ್ತು. ಗಂಟುಗಂಟಾಗಿ, ನುಣ್ಣಗೆ, ಅಲ್ಲಲ್ಲಿ ಬಿಳುಪಾಗಿ. ಡೊರೊತಿ ಕುಕ್ಕರಿಸಿ ಕೂತು ಆ ಕಾಲನ್ನು ಕೈಯಲ್ಲಿ ತೆಗೆದುಕೊಂಡಳು. ತಾನೇ ಪಟ್ಟಿ ಕಟ್ಟಿದ ಕಾಲು. ಸಂಜೆಯ ಊಟದಲ್ಲಿ ತಾನೇ ಎತ್ತಿದ ಮಾತು. ಯಾವ ಕಟ್ಟೆ ಎಂದು ಅವನು ಕೇಳಿದ್ದು, ಭಾನುವಾರದ ಕೆಮ್ಮಣ್ಣು, ‘ಹಾಗೆ ಹೇಳಿದ್ರೆ ಅವರು ಮತ್ತೆ’ ಎಂದು ಅರ್ಧಕ್ಕೆ ನಿಂತದ್ದು. ಬೇಲಿಯೊಳಗಿನ ಗುಂಡಿಯದು ಮಳೆಗೆ ಕಟ್ಟೆಗೆ ಹರಿದಿತ್ತು. ಸುಳ್ಳೆಂದರೆ ಊರವರು ಮತ್ತೆ ಕಟ್ಟೆಗೆ ಇಳಿದಾರು. ಅಷ್ಟೇ. ಯಾರೂ ಏನೂ ಹೇಳದೆಯೇ ಎಲ್ಲ ಅವಳಿಗೆ ತಿಳಿದುಹೋಯಿತು.

“ಈಗ ಆ ಕಟ್ಟೆ ನೀರು ಯಾರಾದ್ರೂ ಮುಟ್ತಾರಾ?” ಎಂದಳು.

“ಇಲ್ಲ ಕಣವ್ವ. ಅವತ್ತಿಂದ ಯಾರೂ ಮುಟ್ಟಿಲ್ಲ. ಮುಳ್ಳು ಕಡಿದಾಕಿ ದಾರಿ ಕಟ್ಬುಟ್ಟಿದೀವಿ” ಎಂದಳು ಬೆಟ್ಟಮ್ಮ.

ನನ್ನಿಂದಲೇ ಆಯಿತು ಎಂದು ದುಃಖಪಡಬೇಕೋ, ಒಳ್ಳೆಯದಾಯಿತು ಎಂದು ಸಮಾಧಾನಪಡಬೇಕೋ ಅವಳಿಗೆ ತಿಳಿಯಲಿಲ್ಲ. ಎರಡೂ ದೂರದಲ್ಲಿದ್ದವು. ಒಳಗಿನಿಂದ ಕೊಬ್ಬರಿ ಎಣ್ಣೆ ತಂದು, ಗಾಯದ ಕಲೆಯ ಮೇಲೆ ಹೇಗೆ ತೀಡಬೇಕೆಂದು ಬೆಟ್ಟಮ್ಮನಿಗೆ ತೋರಿಸಿದಳು. ಮೇಲಿಂದ ಕೆಳಕ್ಕೆ, ಒತ್ತದ ಹಾಗೆ, ದಿನವೂ. ರಾಗಿಯನ್ನು ಇಟ್ಟುಕೊಂಡಳು.

ಆ ವರ್ಷವೇ ಊರಿಗೆ ಇನ್‌ಫ್ಲುಯೆಂಜಾ ಬಂತು. ಬೀದಿಗೊಂದು ಹೆಣ ಏಳತೊಡಗಿದಾಗ ಆಸ್ಪತ್ರೆಯಿಂದ ಜವಾನ ಬಂದು, ನರ್ಸಮ್ಮ ಬರಬೇಕಂತೆ ಎಂದ. ಬೇಡವೆಂದು ಕಳಿಸಿದವರೇ ಕರೆಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಲೂ ಇಲ್ಲ. ಸೀರೆ ಸಿಕ್ಕಿಸಿಕೊಂಡು ಹೋದಳು. ಸಾಯುವವರ ಬಾಯಿಗೆ ನೀರು ಬಿಡುವುದು, ಸತ್ತವರ ಕಣ್ಣು ಮುಚ್ಚುವುದು, ಅದೇ ಕೆಲಸ. ಮನೆಯಲ್ಲಿ ಜಯಮೇರಿ ಮಲಗಿದಳು. ಸೊಸೆ ಕೈಹಿಡಿದು ಕೂತಿದ್ದಾಗಲೇ ಒಂದು ಬೆಳಗಿನ ಜಾವ ಹೋದಳು. ಮಣ್ಣು ಮಾಡುವುದಕ್ಕೆ ಮಗನನ್ನು ಕಳಿಸಿಕೊಡಲಿಲ್ಲ. ರೋಗದ ಭಯ, ಜೈಲಿನ ಬಾಗಿಲು ತೆರೆಯುವುದಿಲ್ಲ ಎಂದರು. ಭೇಟಿಗೆ ಬಿಡುವ ಹೊತ್ತಿಗೆ ಯುದ್ಧವೂ ಮುಗಿದಿತ್ತು. ಊರಲ್ಲಿ ಬ್ಯಾಂಡು ಬಾರಿಸಿ ಸಿಹಿ ಹಂಚಿದ್ದರು.

“ಅತ್ತೆ ಹೋದ್ರು” ಎಂದಳು ಡೊರೊತಿ.

“ಊಟ ಮಾಡಿದ್ರಾ?” ಎಂದ ಜ್ಞಾನಪ್ರಕಾಶ. ಅವನು ಏನು ಕೇಳುತ್ತಿದ್ದಾನೆಂದು ಅವಳಿಗೆ ಅರ್ಥವಾಗಲಿಲ್ಲ. ಆದರೂ ಹೂಂ ಎಂದಳು.

ಯುದ್ಧ ಮುಗಿದರೂ ಸಜೆ ಕಡಿಮೆಯಾಗಲಿಲ್ಲ. ಜ್ವರದ ಹಾವಳಿ ಇಳಿದ ಮೇಲೆ ಆಸ್ಪತ್ರೆಯಿಂದಲೂ ಯಾರೂ ಕರೆ ಕಳಿಸಲಿಲ್ಲ. ಪೂರ್ತಿ ಅವಧಿ ಮುಗಿಸಿ ಅವನು ಹೊರಗೆ ಬಂದಾಗ, ಬದುಕಿರುವ ತನಕ ಶೆಡ್ಡಿನ ಮಾತು ಎತ್ತುವುದಿಲ್ಲ ಎಂದು ಮತ್ತೆ ಮುಚ್ಚಳಿಕೆ ಬರೆಸಿಕೊಂಡಿದ್ದರು. ಸರ್ಕಾರದ ಬಾಗಿಲು ಮುಚ್ಚಿತ್ತು. ಖಾಸಗಿಯವರು ಹೆಸರು ಕೇಳಿ ಹಿಂದೆ ಸರಿಯುತ್ತಿದ್ದರು. ಗುರುಗಳು ಚರ್ಚಿಗೆ ಬೇಕಾದ ಮೇಣದ ಬತ್ತಿ ಮಾಡಿಕೊಡುವ ಕೆಲಸ ಕೊಟ್ಟರು. ಹಿತ್ತಲಲ್ಲಿ ಒಲೆ ಹೂಡಿ, ಮೇಣ ಕರಗಿಸಿ, ಅಚ್ಚಿಗೆ ಸುರಿಯುತ್ತಿದ್ದ. ಅವನ ಬತ್ತಿ ಹೊಗೆಯಾಡುತ್ತಿರಲಿಲ್ಲ, ಸೋರುತ್ತಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದ. ಜಗಲಿಯ ಮೇಲೆ ಅವನು ಮತ್ತೆ ಕೂರಲೇ ಇಲ್ಲ.

ಗಂಡ ಹೆಂಡತಿ ಹತ್ತಾರು ವರ್ಷ ಹಾಗೆ ಬಾಳಿದರು. ಅವಳಿಗೆ ಗೊತ್ತೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ. ಒಂದೇ ಒಂದು ಸಲ, ಅವನು ಬಿಡುಗಡೆಯಾಗಿ ಬಂದ ಹೊಸದರಲ್ಲಿ, ಬತ್ತಿಯ ನೂಲು ಹೊಸೆಯುತ್ತಿದ್ದವನು ತಲೆ ಎತ್ತದೆ ಕೇಳಿದ.

“ಆ ಮಗು?”

“ನಡೀತಾಳೆ” ಎಂದಳು ಡೊರೊತಿ. “ಎಡಗಾಲು ಸ್ವಲ್ಪ ಎಳೀತಾಳೆ. ನಡೀತಾಳೆ.”

ಅವನು ನೂಲು ಹೊಸೆಯುವುದನ್ನು ಮುಂದುವರಿಸಿದ. ಅವನ ಕಣ್ಣಿಂದ ನೀರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಒರೆಸಿಕೊಳ್ಳಬೇಕೆಂದೂ ಅವನಿಗೆ ತೋಚಲಿಲ್ಲ. ಡೊರೊತಿಯೇ ಸೆರಗಿನ ತುದಿಯಿಂದ ಒರೆಸಿದಳು, ರೋಗಿಗೆ ಒರೆಸುವ ಹಾಗೆ. ಆಮೇಲೆ ಅಕ್ಕಿ ಆರಿಸಲು ಒಳಗೆ ಹೋದಳು.

ಶೆಡ್ಡುಗಳನ್ನು ಕಿತ್ತು ತಗಡನ್ನು ಹರಾಜು ಹಾಕಿದರು. ಗುಂಡಿಗೆ ಗಾಡಿಗಟ್ಟಲೆ ಸುಣ್ಣ, ಮಣ್ಣು ಸುರಿದು ಮುಚ್ಚಿದರಂತೆ. ಯಾಕೆ ಮುಚ್ಚುತ್ತಿದ್ದೇವೆಂದು ಊರವರಿಗೆ ಹೇಳಲಿಲ್ಲ. ಪುಟ್ಟತಾಯಮ್ಮ ಮದುವೆಯಾಗಿ ನಂಜನಗೂಡಿನ ಕಡೆಗೆ ಹೋದಳು. ಕೆಂಪಯ್ಯ ಸಂತೆಗೆ ಬಂದಾಗಲೆಲ್ಲ ನರ್ಸಮ್ಮನ ಮನೆಗೆ ಬಂದು, ಹಿತ್ತಲಲ್ಲಿ ಜ್ಞಾನಪ್ರಕಾಶನ ಎದುರು ಕೂತು ಬೀಡಿ ಸೇದಿ ಹೋಗುತ್ತಿದ್ದ. ಇಬ್ಬರೂ ಮಳೆ, ಬೆಳೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಸಾವಿರದೊಂಬೈನೂರ ಮೂವತ್ತೊಂದರ ಚಳಿಗಾಲದಲ್ಲಿ ಕೆಮ್ಮು ಎದೆಗೆ ಇಳಿದು ಜ್ಞಾನಪ್ರಕಾಶ ತೀರಿಕೊಂಡ. ಮಣ್ಣಿಗೆ ಹತ್ತು ಹನ್ನೆರಡು ಜನ ಸೇರಿದ್ದರು. ಮಂಡಕಳ್ಳಿಯಿಂದ ಎರಡು ಗಾಡಿ ಜನ ಬಂದು ಸಮಾಧಿಯ ಕಟ್ಟೆಯಾಚೆ ನಿಂತರು. ಇವರು ಯಾರು, ಯಾಕೆ ಬಂದರು ಎಂದು ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಂಪಯ್ಯ ಮಣ್ಣು ಹಾಕಿ, ಕೈ ಒರೆಸಿಕೊಳ್ಳದೆ ಹಾಗೇ ಹಿಂದಕ್ಕೆ ಹೋಗಿ ನಿಂತ.

ತಿಂಗಳಾಗುವ ಮೊದಲು ಕಚೇರಿಯಿಂದ ಒಬ್ಬ ಗುಮಾಸ್ತ ಬಂದ. ಹೊಸಬ, ಚೆಲುವರಾಜು ಎಂದು ಹೇಳಿಕೊಂಡ. ಹಳೆಯ ಕಡತ ಮುಗಿಸಬೇಕಾಗಿದೆ, ಒಂದು ಹೇಳಿಕೆಗೆ ರುಜು ಬೇಕು ಎಂದ. ಅದನ್ನು ಓದಿದ. ಮೃತನಾದ ನನ್ನ ಗಂಡ, ತಾನು ಮಾಡುತ್ತಿದ್ದ ಸರ್ಕಾರಿ ಕೆಲಸದ ಬಗ್ಗೆ ತನ್ನ ಜೀವಮಾನದಲ್ಲಿ ನನಗೆ ಏನನ್ನೂ ಹೇಳಿರುವುದಿಲ್ಲ.

“ಇದು ನಿಜ ತಾನೇ ಅಮ್ಮ?”

“ನಿಜ” ಎಂದಳು ಡೊರೊತಿ. “ಏನೂ ಹೇಳಿಲ್ಲ.”

“ಅವರು ಅಂಥದ್ದು ಏನು ಮಾಡಿದ್ರು ಅಂತ ನಮ್ಮ ಕಚೇರಿಲೂ ಯಾರಿಗೂ ಗೊತ್ತಿಲ್ಲ ನೋಡಿ. ಹೀಗೇ ಕೇಳ್ದೆ” ಎಂದು ಅವನು ಸಂಕೋಚದಿಂದ ನಕ್ಕ.

ಅವಳು ರುಜು ಹಾಕಿ ಲೇಖನಿ ಹಿಂದಕ್ಕೆ ಕೊಟ್ಟಳು. ಗುಮಾಸ್ತ ಮೆಟ್ಟಿಲು ಇಳಿಯುವಾಗ ಎದುರಿಗೆ, ಹಿಂದಿನ ಬೀದಿಯ ಇಂದ್ರಮ್ಮ ಏದುಸಿರು ಬಿಡುತ್ತ ಬಂದಳು. ಮಗಳಿಗೆ ನೋವು ಕಾಣಿಸಿಕೊಂಡಿದೆ, ಮೊದಲ ಹೆರಿಗೆ ಎಂದಳು. ಡೊರೊತಿ ನೀರು ಕಾಯಿಸಲು ಹೇಳಿ ಕಳಿಸಿ, ಬಾಗಿಲು ಎಳೆದುಕೊಂಡು ಅವಳ ಹಿಂದೆ ಹೊರಟಳು.